ಗುರ್ಕಾರರು ಬಿಟ್ಟುಕೊಟ್ಟ ರಸ್ತೆ

ಹೋದ ತಿಂಗಳು ನನ್ನ ಗಂಡ ಗ್ರಾಮಸಭೆಯಲ್ಲಿ ಎದ್ದು ನಿಂತರು. ಯಾವ ರಸ್ತೆ ಬೇಕೇ ಬೇಕು ಎಂದು ಕೇಳಲು ಒಂದು ದಂಡು ಜನರನ್ನು ಕಟ್ಟಿಕೊಂಡು ಹೋಗಿದ್ದರೋ, ಅದೇ ರಸ್ತೆ ಬೇಡ ಎಂದು ಹೇಳಿ ಕೂತುಬಿಟ್ಟರು.

ಮೈಕ್ ಇರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. (ಕೇರಳದ ನಮ್ಮ ಮುಳ್ಳೇರಿಯ ಪೇಟೆಯಲ್ಲಿ ರಬ್ಬರ್ ಶೀಟಿನ ವ್ಯಾಪಾರ ಮಾಡುವವರ ಗಂಟಲಿಗೆ ಮೈಕ್ ಯಾಕೆ?) ನನ್ನ ಪಕ್ಕದಲ್ಲಿ ಕೂತಿದ್ದ ಕಾರ್ಮಿನ್ ಬಾಯಿ ಮಾತ್ರ ನನ್ನ ಮೊಣಕೈ ಹಿಡಿದು, ನಿನ್ನ ಗಂಡ ಈಗ ಎಂತ ಹೇಳಿದ್ದು ಎಂದು ಕೇಳಿದರು. ಅವರ ಕಿವಿ ಚೆನ್ನಾಗಿಯೇ ಇದೆ. ಕೆಟ್ಟಿರುವುದು ಮಂಡಿ ಮಾತ್ರ. ಅವರು ಕೇಳಿದ ಧಾಟಿಯಲ್ಲೇ ನನಗೆ ಗೊತ್ತಾಯಿತು, ಸಭೆ ಮುಗಿದ ಮೇಲೆ ಇನ್ನೊಂದು ಸಭೆ ಇದೆ ಎಂದು.

ಸಿಟ್ಟು ಬರದೆ ಇರುತ್ತದಾ? ಆ ರಸ್ತೆ ಕೇಳಲು ಹೊರಟದ್ದೇ ಅವರಿಗಾಗಿ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನನ್ನ ಗಂಡ ವಲೇರಿಯನ್ ನಮ್ಮ ವಾಳೆಯ ಗುರ್ಕಾರ. ಒಂದು ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಕ್ರೈಸ್ತರ ಮನೆಗಳನ್ನು ಐದಾರು ವಾಳೆಗಳಾಗಿ ಹಂಚಿರುತ್ತಾರೆ. ಒಂದೊಂದು ವಾಳೆಗೆ ಒಬ್ಬ ಮುಖ್ಯಸ್ಥ, ಅವನೇ ಗುರ್ಕಾರ. ಮದುವೆಯಾದರೆ ಮುಂದೆ ನಿಲ್ಲಬೇಕು, ಸಾವಾದರೆ ಮೊದಲು ಓಡಬೇಕು, ಅಣ್ಣ ತಮ್ಮ ಬೇಲಿಗಾಗಿ ಜಗಳವಾಡಿದರೆ ಇಬ್ಬರ ಬೈಗುಳವನ್ನೂ ಸಮನಾಗಿ ತಿನ್ನಬೇಕು. ಸಂಬಳ ಇಲ್ಲ. ಗುರ್ಕಾರನ ಹೆಂಡತಿಗಂತೂ ಸಂಬಳವೂ ಇಲ್ಲ, ಹೆಸರೂ ಇಲ್ಲ, ಚಹಾ ಮಾಡುವ ಕೆಲಸ ಮಾತ್ರ ಖಾಯಂ.

ತಿಂಗಳಿಗೊಮ್ಮೆ ವಾಳೆಯವರೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುತ್ತೇವೆ. ಅದಕ್ಕೆ ಏಳು ಮೆಟ್ಟಿಲುಗಳ ಒಂದು ಕ್ರಮ ಇದೆ. ಪ್ರಾರ್ಥನೆ, ಓದು, ಮನಸ್ಸಿಗೆ ತಾಗಿದ ಮಾತನ್ನು ಮತ್ತೆ ಮತ್ತೆ ಹೇಳುವುದು, ಮೌನ, ಹಂಚಿಕೊಳ್ಳುವುದು. ಇಲ್ಲಿಯವರೆಗೆ ಎಲ್ಲವೂ ಸುಖ. ಆರನೆಯ ಮೆಟ್ಟಿಲು ಮಾತ್ರ ಅಪಾಯಕಾರಿ. ಓದಿದ್ದು ಸರಿ, ಅದಕ್ಕೆ ಈಗ ನೀವೆಲ್ಲ ಸೇರಿ ಎಂತ ಮಾಡುತ್ತೀರಿ ಎಂದು ಅದು ಕೇಳುತ್ತದೆ.

ಆ ಹೊತ್ತಿಗೆ ಅಡುಗೆಮನೆಯಿಂದ ಚಹಾದ ಪರಿಮಳ ಬಂದಿರುತ್ತದೆ. ಹಾಗಾಗಿ ನಮ್ಮ ವಾಳೆ ಒಂದು ಉಪಾಯ ಕಂಡುಕೊಂಡಿದೆ. ಯಾವ ಅಧ್ಯಾಯ ಓದಿದರೂ ಆರನೆಯ ಮೆಟ್ಟಿಲಿಗೆ ನಮ್ಮ ತೀರ್ಮಾನ ಒಂದೇ: ಸಿಮಿತ್ರಿಯ, ಅಂದರೆ ಇಗರ್ಜಿಯ ಸ್ಮಶಾನದ, ಹುಲ್ಲು ತೆಗೆಯುವುದು. ದಾರಿ ತಪ್ಪಿದ ಮಗನ ಕತೆ ಓದಿದರೂ ಹುಲ್ಲು, ಬಿರುಗಾಳಿಯನ್ನು ಶಾಂತ ಮಾಡಿದ ಕತೆ ಓದಿದರೂ ಹುಲ್ಲು. ನಮ್ಮ ಭಾಗದಲ್ಲಿ ಮಳೆ ಚೆನ್ನಾಗಿ ಬೀಳುವುದರಿಂದ ಹುಲ್ಲಿಗೆ ಬರಗಾಲ ಇಲ್ಲ. ಸತ್ತವರೂ ಬೇಡ ಎನ್ನುವುದಿಲ್ಲ.

ಗ್ರಾಮಸಭೆಗೆ ಮೊದಲಿನ ಗುರುವಾರ ಓದಿದ್ದು ಪಾರ್ಶ್ವವಾಯು ರೋಗಿಯ ಕತೆ. ನಿಮಗೆ ಗೊತ್ತಿರಬಹುದು. ಯೇಸು ಒಂದು ಮನೆಯೊಳಗೆ ಮಾತಾಡುತ್ತಿದ್ದಾನೆ. ಕೇಳಲು ಜನ ಎಷ್ಟು ಸೇರಿದ್ದಾರೆಂದರೆ ಬಾಗಿಲಲ್ಲೂ ಕಾಲಿಡಲು ಜಾಗ ಇಲ್ಲ. ನಾಲ್ಕು ಜನ ಒಬ್ಬ ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಕಡೆಗೆ ಮನೆಯ ಮಾಡಿನ ಮೇಲೆ ಹತ್ತಿ, ಆ ಛಾವಣಿಯನ್ನು ತೆರೆದು, ರೋಗಿಯನ್ನು ಮೇಲಿನಿಂದ ಇಳಿಸುತ್ತಾರೆ.

ಹಂಚಿಕೊಳ್ಳುವ ಮೆಟ್ಟಿಲಿನಲ್ಲಿ ಎಲ್ಲರೂ ಆ ನಾಲ್ವರನ್ನು ಹೊಗಳಿದರು. ನನ್ನ ಗಂಡ ಮಾತ್ರ ಬಾಗಿಲಲ್ಲಿ ನಿಂತವರ ಮೇಲೆ ಹರಿಹಾಯ್ದರು. ನಡೆಯಲಾಗದ ಮನುಷ್ಯ ಬಂದರೆ ಒಂದು ಹೆಜ್ಜೆ ಸರಿಯದ ಜನ ದೇವರ ವಾಕ್ಯ ಕೇಳಿ ಯಾರಿಗೆ ಪ್ರಯೋಜನ ಎಂದರು. ಅಂಥವರಿಂದಲೇ ಧರ್ಮಕ್ಕೆ ಕೆಟ್ಟ ಹೆಸರು ಎಂದರು. ಎಲ್ಲರೂ ತಲೆ ಆಡಿಸಿದೆವು. ಎರಡು ಸಾವಿರ ವರ್ಷದ ಹಿಂದಿನವರನ್ನು ಬೈಯುವುದಕ್ಕೆ ಖರ್ಚು ಎಷ್ಟು? ಅವರು ತಿರುಗಿ ಬೈಯುವುದೂ ಇಲ್ಲ.

ಆರನೆಯ ಮೆಟ್ಟಿಲು ಬಂತು. ಯಾರೋ ಹುಲ್ಲು ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ವಲೇರಿಯನ್, ಈ ಸಲ ಒಂದು ನಿಜವಾದ ಕೆಲಸ ಮಾಡುವ ಎಂದರು.

ವಿಷಯ ಇಷ್ಟು. ನಮ್ಮಲ್ಲಿ ಶಿಲುಬೆಗುಡ್ಡೆ ಎಂಬ ಸಣ್ಣ ಗುಡ್ಡ ಇದೆ, ಅದರ ತುದಿಯಲ್ಲಿ ಒಂದು ಚಾಪೆಲ್. ಮೇರಿ ಮಾತೆಯ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಹಬ್ಬದ ಮೊದಲಿನ ಒಂಬತ್ತು ದಿನ ಸಂಜೆ ಅಲ್ಲಿ ಪ್ರಾರ್ಥನೆ. ಮಕ್ಕಳು ಬಾಲೆ ಮೇರಿಯ ಮೂರ್ತಿಗೆ ಹೂ ಎರಚುತ್ತಾರೆ. ಹತ್ತಲು ಇರುವುದು ಜಾರುವ ಮುರಕಲ್ಲಿನ ದಾರಿ. ಗುಡ್ಡದ ಬುಡದಲ್ಲೇ ಮನೆ ಇರುವ ಕಾರ್ಮಿನ್ ಬಾಯಿ, ನಮ್ಮ ವಾಳೆಗೆಲ್ಲ ಹಿರಿಯರು, ಮಂಡಿನೋವಿನಿಂದಾಗಿ ಕೆಲವು ವರ್ಷಗಳಿಂದ ಮೇಲೆ ಹೋಗಿಲ್ಲ. ಮಕ್ಕಳು ಹಾಡುವುದು ಅವರ ಅಂಗಳಕ್ಕೆ ಕೇಳಿಸುತ್ತದೆ. ಸಾಯುವ ಮೊದಲು ಒಮ್ಮೆ ಮೇಲೆ ಹೋಗಿ ಹೂ ಹಾಕಬೇಕು ಎಂದು ಅವರು ನನ್ನ ಗಂಡನ ಹತ್ತಿರ ಹೇಳಿದ್ದರು. ರಿಕ್ಷಾ ಹೋಗುವ ರಸ್ತೆ ಮಾಡಿಸಿಯೇ ಕೊಡುತ್ತೇನೆ ಎಂದು ಗುರ್ಕಾರರು ಮಾತು ಕೊಟ್ಟಿದ್ದರು.

ಈ ವರ್ಷ ನಮ್ಮ ಪಂಚಾಯತ್ ವಾರ್ಡಿಗೆ ಒಂದೇ ರಸ್ತೆಯ ಕಾಂಕ್ರೀಟ್ ಕೆಲಸ ಎಂದು ಮೆಂಬರ್ ಪ್ರಮೀಳಾ ಮೊದಲೇ ತಿಳಿಸಿದ್ದರು. ಬೇಡಿಕೆ ಎರಡು. ಒಂದು ನಮ್ಮ ಶಿಲುಬೆಗುಡ್ಡೆಯದ್ದು, ಇನ್ನೊಂದು ಆಚೆ ಇಳಿಜಾರಿನ ಕಜೆಮೂಲೆಯದ್ದು. ಯಾವುದು ಮೊದಲು ಎಂದು ಗ್ರಾಮಸಭೆಯೇ ಹೇಳಲಿ, ಹೆಚ್ಚು ಕೈ ಎದ್ದದ್ದಕ್ಕೆ ತಾನು ಬದ್ಧ ಎಂದಿದ್ದರು. ಜಾಣ ಹೆಂಗಸು.

ಹಾಗಾಗಿ ನಮ್ಮ ಬೈಬಲ್ ಓದಿನ ತೀರ್ಮಾನ: ಭಾನುವಾರ ಪೂಜೆ ಮುಗಿಸಿ ಎಲ್ಲರೂ ನೇರ ಗ್ರಾಮಸಭೆಗೆ. ಒಬ್ಬರೂ ತಪ್ಪಬಾರದು. ನಮ್ಮ ಕೈಗಳು ಒಟ್ಟಿಗೆ ಎದ್ದರೆ ಮಾತ್ರ ನಮಗೆ ಬೆಲೆ ಎಂದರು ಗುರ್ಕಾರರು. ಇದು ರಾಜಕೀಯ ಅಲ್ಲವಾ ಎಂದು ನಾನು ಕೇಳಿದೆ. ಅಲ್ಲ, ಆರನೆಯ ಮೆಟ್ಟಿಲು ಎಂದರು. ನಾನು ಚಹಾ ತರಲು ಹೋದೆ.

ಕಜೆಮೂಲೆಯ ರಸ್ತೆ ಯಾರಿಗೆ ಎಂದು ನಮಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಅಲ್ಲಿ ಗಿರಿಜಾ ಎಂಬವರ ಮಗಳು ಸೌಮ್ಯ ಇದ್ದಾಳೆ. ಇಪ್ಪತ್ತು ದಾಟಿದ ಹುಡುಗಿ, ಹುಟ್ಟಿದಾಗಿನಿಂದ ನಡೆದವಳಲ್ಲ, ಮಾತೂ ಇಲ್ಲ. (ಯಾಕೆ ಹಾಗಾಯಿತು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷದ ಮದ್ದು ಸುರಿದ ನಮ್ಮ ಗುಡ್ಡಗಳಲ್ಲಿ ಅಂಥ ಮಕ್ಕಳು ಯಾಕೆ ಹುಟ್ಟಿದರು ಎಂದು ಇಲ್ಲಿ ಎಲ್ಲರಿಗೂ ಗೊತ್ತಿದೆ.) ಆಸ್ಪತ್ರೆಗೆ ಹೋಗುವ ದಿನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಎರಡು ಬಿದಿರು ಕಟ್ಟಿ, ಹೊತ್ತುಕೊಂಡು ರಿಕ್ಷಾ ಬರುವಲ್ಲಿವರೆಗೆ ತರುತ್ತಾರೆ. ಇದೆಲ್ಲ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ನೆನಪಿಗೆ ಬರುವುದು ಬೇರೆ. ಆ ಗುರುವಾರ ನಮ್ಮಲ್ಲಿ ಒಬ್ಬರಿಗೂ ನೆನಪಿಗೆ ಬರಲಿಲ್ಲ. ನನಗೂ.

ಭಾನುವಾರ ಬಂತು. ಶಾಲೆಯ ಹಾಲಿನಲ್ಲಿ ಸಭೆ. ಹೊರಗೆ ಜೋರು ಮಳೆ.

ಇಲ್ಲಿ ನಮ್ಮವರ ಒಂದು ಅಭ್ಯಾಸವನ್ನು ಹೇಳಲೇಬೇಕು. ನಾವು ಇಗರ್ಜಿಯನ್ನು ತುಂಬುವುದು ಹಿಂದಿನಿಂದ. ಮುಂದಿನ ಬೆಂಚುಗಳು ಖಾಲಿ ಇದ್ದರೂ ಗಂಡಸರಿಗೆ ಬಾಗಿಲ ಹತ್ತಿರವೇ ನಿಲ್ಲಬೇಕು. ಪಾದ್ರಿಗಳು ಪ್ರತಿ ಭಾನುವಾರ ಮುಂದೆ ಬನ್ನಿ, ಮುಂದೆ ಬನ್ನಿ ಎಂದು ಕರೆಯುತ್ತಾರೆ. ನಮ್ಮವರು ಭಕ್ತಿಯಿಂದ ತಲೆ ತಗ್ಗಿಸಿ ಅಲ್ಲೇ ನಿಲ್ಲುತ್ತಾರೆ. ಪ್ರಸಂಗ ಉದ್ದವಾದರೆ ಜಾರಿಕೊಳ್ಳಲು ಅನುಕೂಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಯಾರಿಗೂ ಗೊತ್ತಿಲ್ಲ, ಅಜ್ಜಂದಿರೂ ಅಲ್ಲೇ ನಿಲ್ಲುತ್ತಿದ್ದರಂತೆ.

ಪೂಜೆಯಿಂದ ನೇರವಾಗಿ ಬಂದವರು ಗ್ರಾಮಸಭೆಯಲ್ಲೂ ಹಾಗೆಯೇ ಮಾಡಿದರು. ಮುಂದೆ ಬೇಕಾದಷ್ಟು ಕುರ್ಚಿ. ನಾವು ಹೆಂಗಸರು ಒಳಗೆ ಹೋಗಿ ಕೂತೆವು. ಗಂಡಸರು ಗುರ್ಕಾರರ ನೇತೃತ್ವದಲ್ಲಿ ಬಾಗಿಲಲ್ಲಿ ನಿಂತರು. ಆ ಹಾಲಿಗೆ ಎರಡು ಬಾಗಿಲು, ಒಂದಕ್ಕೆ ಅಡ್ಡವಾಗಿ ಹಳೆಯ ಡೆಸ್ಕುಗಳನ್ನು ಪೇರಿಸಿದ್ದರು. ಉಳಿದ ಬಾಗಿಲಿಗೆ ನಮ್ಮ ವಾಳೆ.

ಮೆಂಬರ್ ಮಾತು ಶುರು ಮಾಡಿದರು. ಮನೆ, ಬಾವಿ, ದಾರಿದೀಪ. ಅರ್ಧ ಮಲಯಾಳ, ಅರ್ಧ ಕನ್ನಡ, ಜಗಳ ಬಂದರೆ ತುಳು. ನಮ್ಮ ಗ್ರಾಮಸಭೆಯ ಭಾಷಾನೀತಿ ಅದು.

ಆಗ ಬಾಗಿಲ ಕಡೆ ಏನೋ ಅಲುಗಾಟ ಕಂಡಿತು. ನಮ್ಮವರ ಬೆನ್ನಿನ ಆಚೆ ಒಂದು ನೀಲಿ ಟಾರ್ಪಾಲ್. ಅದರ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ಸೌಮ್ಯ. ಅವಳ ಅಪ್ಪ ಮತ್ತು ನೆರೆಯವರು ಹೊತ್ತು ನಿಂತಿದ್ದರು, ಗಿರಿಜಾ ಟಾರ್ಪಾಲಿನ ತುದಿ ಹಿಡಿದಿದ್ದರು. ಎಲ್ಲರೂ ಒಮ್ಮೆ ಕಣ್ಣಾರೆ ನೋಡಲಿ ಎಂದು ಕರೆದುಕೊಂಡು ಬಂದದ್ದು. ಅವರು ಬೊಬ್ಬೆ ಹಾಕಲಿಲ್ಲ. ಸ್ವಲ್ಪ ಜಾಗ ಕೊಡಿ ಎಂದು ಗಿರಿಜಾ ಹೇಳಿದ್ದಿರಬೇಕು, ಮಳೆಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ. ಕೇಳಿಸಿದವರೂ ಬಸ್ಸಿನಲ್ಲಿ ಕಂಡಕ್ಟರ್ ಹೇಳಿದಾಗ ಸರಿಯುವಂತೆ ಸರಿದರು. ಮೈ ಅಲುಗಿತು, ಕಾಲು ಇದ್ದಲ್ಲೇ ಇತ್ತು. ಎಷ್ಟು ಹೊತ್ತು ನಿಂತಿದ್ದರೋ ಪಾಪ. ನಾನು ಎದ್ದು ಕೂಗಬೇಕು ಎನ್ನುವಷ್ಟರಲ್ಲಿ ವಲೇರಿಯನ್ ಹಿಂದೆ ತಿರುಗಿದರು.

ಸೌಮ್ಯ ಅವರನ್ನು ನೋಡಿ ನಕ್ಕಳು. ಅವಳು ಎಲ್ಲರನ್ನೂ ನೋಡಿ ನಗುತ್ತಾಳೆ. ಮುಖದ ಮೇಲೆಲ್ಲ ಮಳೆನೀರು.

ನನ್ನ ಗಂಡ ಅವಳನ್ನು ನೋಡಿದರು. ತಾವು ನಿಂತ ಜಾಗವನ್ನು ನೋಡಿದರು. ಆಮೇಲೆ, ನಾನು ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ, ತಲೆ ಎತ್ತಿ ಹಾಲಿನ ಹಂಚಿನ ಮಾಡನ್ನು ಒಮ್ಮೆ ನೋಡಿದರು.

ಗುರುವಾರ ಅಷ್ಟು ಬೈದವರಲ್ಲವಾ? ಅವರ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಅವರು ಎರಡೂ ಕೈಯಿಂದ ನಮ್ಮವರನ್ನು ಅತ್ತಿತ್ತ ದೂಡಿ, ಕುರ್ಚಿಯ ಒಂದು ಬಿದಿರಿಗೆ ತಾವೇ ಹೆಗಲು ಕೊಟ್ಟು ಸೌಮ್ಯಳನ್ನು ಒಳಗೆ ತಂದರು. ಮುಂದಿನ ಸಾಲಿನಲ್ಲಿ ಇಳಿಸಿದರು.

ರಸ್ತೆಯ ವಿಷಯ ಬಂತು. ಯಾರಿಗೆ ಎಂತ ಹೇಳಲಿಕ್ಕುಂಟು ಎಂದು ಮೆಂಬರ್ ಕೇಳಿದರು. ನನ್ನ ಗಂಡ ಎದ್ದರು.

"ಶಿಲುಬೆಗುಡ್ಡೆಯ ರಸ್ತೆ ಈ ಸಲ ಬೇಡ. ಕಜೆಮೂಲೆಯದ್ದು ಆಗಲಿ. ನಮ್ಮವರೆಲ್ಲ ಅದಕ್ಕೇ ಕೈ ಎತ್ತುತ್ತಾರೆ."

ನಮ್ಮವರಿಗೆ ಇದು ಹೊಸ ಸುದ್ದಿ. ಕೆಲವರ ಕೈ ಮೇಲೆ ಹೋಯಿತು. ಕೆಲವರದ್ದು ಅರ್ಧ ದಾರಿಯಲ್ಲಿ ನಿಂತು ತಲೆ ಕೆರೆದುಕೊಂಡು ಕೆಳಗೆ ಬಂತು. ಒಬ್ಬರು ಕೈ ಎತ್ತಿದ ಮೇಲೆ ಹೆಂಡತಿಯ ಮುಖ ನೋಡಿದರು. ಅಂತೂ ಕಜೆಮೂಲೆಯ ರಸ್ತೆ ಪಾಸಾಯಿತು. ನನಗೆ ಹೆಮ್ಮೆಯಾಯಿತು ಎಂದು ನೇರವಾಗಿ ಹೇಳಿಬಿಡುತ್ತೇನೆ, ಮನೆಯಲ್ಲಿ ಹೇಳಿದರೆ ಅವರ ತಲೆಗೇರುತ್ತದೆ. ಗಿರಿಜಾ ಸೆರಗಿನಿಂದ ಮಗಳ ಮುಖ ಒರೆಸುತ್ತಿದ್ದರು. ಅವರು ನಮ್ಮ ಕಡೆ ನೋಡಲೂ ಇಲ್ಲ. ಯಾಕೆ ನೋಡಬೇಕು? ಅವರಿಗೆ ಸಿಗಬೇಕಾದದ್ದು ಸಿಕ್ಕಿತು, ಅಷ್ಟೆ.

ಹೊರಗೆ ಬಂದ ಕೂಡಲೇ ಎರಡನೆಯ ಸಭೆ ಶುರುವಾಯಿತು. ಕಾರ್ಮಿನ್ ಬಾಯಿ ಜಗಲಿಯ ಕಂಬ ಹಿಡಿದು ನಿಂತು ಗುರ್ಕಾರರನ್ನು ಹತ್ತಿರ ಕರೆದರು. ಕೊಂಕಣಿಯಲ್ಲಿ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಪುತಾ, ಆ ಹುಡುಗಿಗೆ ರಸ್ತೆ ಬೇಕು. ನನಗೂ ಕಣ್ಣುಂಟು. ಆದರೆ ನನ್ನ ರಸ್ತೆಯನ್ನು ಕೊಡಲಿಕ್ಕೆ ನೀನು ಯಾರು? ನಾನು ಅಲ್ಲೇ ಕೂತಿದ್ದೆ. ಒಂದು ಮಾತು ಕೇಳಿದ್ದರೆ ನಾನೇ ಎದ್ದು ಹೇಳುತ್ತಿದ್ದೆ."

ನನ್ನ ಗಂಡ ಕೊಡೆ ಬಿಡಿಸುವುದರಲ್ಲಿ ಮಗ್ನರಾದರು.

ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ಎಂದು ಗಾದೆ ಇದೆಯಲ್ಲ, ಅದು ಇದೇ. ತಪ್ಪು ರಸ್ತೆ ಕೊಟ್ಟದ್ದರಲ್ಲಿ ಇರಲಿಲ್ಲ. ಮಂಡಿನೋವು ಕಾರ್ಮಿನ್ ಬಾಯಿಯದ್ದು, ಆಸೆ ಅವರದ್ದು, ಬಿಟ್ಟುಕೊಟ್ಟ ಪುಣ್ಯ ಮಾತ್ರ ಗುರ್ಕಾರರದ್ದು. ನಮ್ಮ ನಾಯಕರು ದಿನಾ ಮಾಡುವುದು ಇದನ್ನೇ ಅಲ್ಲವಾ? ದೇಶಕ್ಕಾಗಿ ತ್ಯಾಗ ಮಾಡಿ ಎನ್ನುತ್ತಾರೆ, ತ್ಯಾಗ ಮಾಡುವವರ ಹತ್ತಿರ ಒಂದು ಮಾತು ಕೇಳುವುದಿಲ್ಲ. ನಾಯಕರು ಯಾಕೆ, ನಾವು ಧರ್ಮದವರೂ ಕಡಿಮೆ ಇಲ್ಲ. ಮನೆಯಲ್ಲಿ ಹತ್ತು ಜನರಿಗೆ ಊಟ ಎಂದು ಗಂಡ ಧಾರಾಳವಾಗಿ ಕರೆಯುತ್ತಾನೆ, ತೆಂಗಿನಕಾಯಿ ತುರಿಯುವವಳು ಯಾರು?

ಮರುದಿನ ಪೇಟೆಯಲ್ಲಿ ಇನ್ನೊಂದು ತಮಾಷೆ. ಒಂದು ಪಕ್ಷದವರು ಅಂಗಡಿಗೆ ಬಂದು, ನೀವು ಆಚೆ ಪಕ್ಷದವರ ಜೊತೆ ಸೇರಿದ್ದೀರಂತೆ, ಹೌದಾ ಎಂದು ವಿಚಾರಿಸಿದರು. ಸಂಜೆ ಆಚೆಯವರು ಬಂದು, ಯಾವಾಗ ಮೆಂಬರ್‌ಶಿಪ್ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಬೈಬಲಿನಲ್ಲಿ ಒಂದು ಕತೆ ಓದಿದ್ದೆವು, ಅದಕ್ಕೆ ಹಾಗೆ ಮಾಡಿದೆ ಎಂದು ಇವರು ಹೇಳಿದರಂತೆ. ಎರಡು ಕಡೆಯವರೂ ನಂಬಲಿಲ್ಲ. ಪಕ್ಷ ಇಲ್ಲದೆ ಒಬ್ಬ ಮನುಷ್ಯ ಕೈ ಎತ್ತುತ್ತಾನೆ ಎಂದರೆ ಕೇರಳದಲ್ಲಿ ಯಾರು ನಂಬುತ್ತಾರೆ?

ಮೊಂತಿ ಹಬ್ಬ ಹತ್ತಿರ ಬಂದಾಗ ವಾಳೆಯವರು ಮತ್ತೆ ಸೇರಿದೆವು. ಈ ಸಲ ಕಾರ್ಮಿನ್ ಬಾಯಿಯ ಮನೆಯಲ್ಲೇ. ಪಾದ್ರಿಗಳೂ ಬಂದಿದ್ದರು. ಅಂದು ಏನು ಓದಿದೆವು ಎಂದು ನನಗೆ ನೆನಪಿಲ್ಲ, ಎಲ್ಲರ ಮನಸ್ಸೂ ಆರನೆಯ ಮೆಟ್ಟಿಲಿನಲ್ಲಿ ಇತ್ತು. ನನ್ನ ಗಂಡ ಗಂಟಲು ಸರಿ ಮಾಡಿಕೊಂಡು ಮೊದಲು ಕ್ಷಮೆ ಕೇಳಿದರು. ಆಮೇಲೆ ತಮ್ಮ ಪರಿಹಾರ ಮುಂದಿಟ್ಟರು. ಒಂದು ಗಟ್ಟಿ ಕುರ್ಚಿಗೆ ಬಿದಿರು ಕಟ್ಟುವುದು, ನಾಲ್ಕು ಜನ ಸೇರಿ ಕಾರ್ಮಿನ್ ಬಾಯಿಯನ್ನು ಗುಡ್ಡದ ಮೇಲೆ ಹೊತ್ತುಕೊಂಡು ಹೋಗುವುದು.

"ನಾಲ್ಕು ಜನ ಹೊರಲಿಕ್ಕೆ ನಾನೆಂತ ಹೆಣವಾ ಮಾರಾಯ? ಆ ದಿನ ಬರುತ್ತದೆ, ಆಗ ಹೊತ್ತುಕೊಳ್ಳಿ."

ಪಾದ್ರಿಗಳು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಸೌಮ್ಯಳನ್ನು ಹೊರುತ್ತಾರಲ್ಲ ಎಂದು ಗುರ್ಕಾರರು ಮೆಲ್ಲಗೆ ಹೇಳಿ ನೋಡಿದರು. ಅವಳಿಗೆ ಬೇರೆ ದಾರಿ ಇಲ್ಲ, ಅದಕ್ಕೇ ಅಲ್ಲವಾ ರಸ್ತೆ ಎಂದು ಬಾಯಿ ತಿರುಗಿ ಕೇಳಿದರು. ಆಮೇಲೆ ಮೊದಲ ಸಲ ಮೆತ್ತಗೆ ಮಾತಾಡಿದರು.

"ಮೂರ್ತಿಯನ್ನು ಕೆಳಗೆ ತನ್ನಿ. ಮಾತೆಗೆ ಮಂಡಿನೋವು ಇಲ್ಲವಲ್ಲ?"

ಎಲ್ಲರೂ ಪಾದ್ರಿಗಳ ಮುಖ ನೋಡಿದೆವು. ಮೂರ್ತಿ ಚಾಪೆಲಿನಿಂದ ಇಳಿದದ್ದೇ ಇಲ್ಲ ಎಂದು ಯಾರೋ ಹೇಳಿದರು. ಇಳಿಸಬಾರದು ಎಂದು ಎಲ್ಲಿಯೂ ಹೇಳಿಲ್ಲ ಎಂದರು ಪಾದ್ರಿಗಳು. ಈ ವಾಳೆಯಲ್ಲಿ ಆರನೆಯ ಮೆಟ್ಟಿಲಿಗೆ ಹುಲ್ಲು ಬಿಟ್ಟು ಬೇರೆ ಮಾತು ಕೇಳಿದ್ದು ಇದೇ ಮೊದಲು ಎಂದೂ ಸೇರಿಸಿದರು.

ಹಾಗೆ ಈ ವರ್ಷ ಒಂಬತ್ತು ಸಂಜೆಯೂ ಬಾಲೆ ಮೇರಿ ಕಾರ್ಮಿನ್ ಬಾಯಿಯ ಅಂಗಳದಲ್ಲಿ ಇದ್ದಳು. ಮಳೆ ಬಂದಾಗ ಜಗಲಿಯಲ್ಲಿ. ಬಾಯಿಯ ದರ್ಬಾರು ಕೇಳಬೇಡಿ. ಯಾವ ಮಗು ಎಲ್ಲಿ ನಿಲ್ಲಬೇಕು, ಯಾರ ಬುಟ್ಟಿಯಲ್ಲಿ ಎಲೆ ಜಾಸ್ತಿ ಹೂ ಕಡಿಮೆ, ಎಲ್ಲದಕ್ಕೂ ಅವರದ್ದೇ ಅಪ್ಪಣೆ. ಮೊದಲ ದಿನ ತಾವು ಹೂ ಹಾಕುವಾಗ ಮಾತ್ರ ಅವರ ಕಣ್ಣೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ಪಕ್ಕದಲ್ಲಿ ನಿಂತ ನನಗೂ ಅದೇ ಕತೆ.

ಕಜೆಮೂಲೆಯವರಿಗೂ ಹೇಳಿಕಳುಹಿಸಿದ್ದು ಬಾಯಿಯೇ. ಕೊನೆಯ ಸಂಜೆ ಗಿರಿಜಾ ಮಗಳನ್ನು ಕರೆದುಕೊಂಡು ಬಂದರು. ಸೌಮ್ಯಳ ಮಡಿಲಿಗೆ ಮಕ್ಕಳು ಒಂದು ಬುಟ್ಟಿ ಹೂ ಇಟ್ಟರು. ಅವಳು ಎರಚಿದ್ದರಲ್ಲಿ ಮೂರ್ತಿಗೆ ಸಿಕ್ಕಿದ್ದು ಸ್ವಲ್ಪ, ಗುರ್ಕಾರರ ತಲೆಗೆ ಬಿದ್ದದ್ದೇ ಹೆಚ್ಚು. ಹಬ್ಬದ ದಿನ ಹೊಸ ತೆನೆ ಹಂಚುವಾಗ ಒಂದು ತೆನೆ ಆ ಮನೆಗೂ ಹೋಯಿತು. ಮೊನ್ನೆ ಓವರ್ಸಿಯರ್ ಬಂದು ಕಜೆಮೂಲೆಯ ದಾರಿ ಅಳೆದು ಹೋಗಿದ್ದಾರೆ. ಮಳೆ ನಿಂತ ಮೇಲೆ ಕೆಲಸವಂತೆ. ನಮ್ಮ ಗುಡ್ಡದ ರಸ್ತೆಯನ್ನು ಕೇಳಲು ಈಗ ಯಾರಿಗೂ ಅವಸರ ಇಲ್ಲ.

ಇಷ್ಟಕ್ಕೆ ಈ ವಾರದ ಬರಹ ಮುಗಿಸಿ ನೆಮ್ಮದಿಯಿಂದ ಇರಬಹುದಿತ್ತು. ಆದರೆ ನಿನ್ನೆ ಊಟಕ್ಕೆ ಕೂತಾಗ ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿ ಒಂದು ಪ್ರಶ್ನೆ ಕೇಳಿದರು. ರಸ್ತೆ ಬಿಟ್ಟುಕೊಟ್ಟದ್ದಕ್ಕೆ ಊರವರ ಹೊಗಳಿಕೆ ಕೇಳಿ ಕೇಳಿ ಅವರಿಗೆ ಒಳಗಿನಿಂದ ಏನೋ ಕೊರೆಯುತ್ತಿತ್ತಂತೆ. ನಾನು ಮೀನಿನ ಪಾತ್ರೆ ಅವರ ಕಡೆ ಸರಿಸಿದೆ. ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತೇನೆ.

"ಆ ದಿನ ಸೌಮ್ಯ ನಮಗಿಂತ ಮೊದಲೇ ಸಭೆಗೆ ಬಂದು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದರೆ, ನಾನು ಯಾವ ರಸ್ತೆಗೆ ಕೈ ಎತ್ತುತ್ತಿದ್ದೆ?"